ಜಾಹೀರಾತಿಲ್ಲದ ಪತ್ರಿಕೆ

ಸ್ಕಂದಗಿರಿ ಹತ್ತಿ ಮೋಡ ಸರಿಯಲಿ ಅಂತ ಕೂತಿದ್ವಿ. ಟೀಮಿನ ಹುಡುಗ ಕೇಳಿದ: 'ಲಂಕೇಶ್ ಅಂದ್ರೆ ಗೌರಿ ಅವರ ಅಪ್ಪ ಅಲ್ವಾ?' ಹೌದು ಮಾರಾಯ, ಆದರೆ ಅಷ್ಟೇ ಅಲ್ಲ. ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟಿದ್ದ ಆಸಾಮಿ 1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುಮಾಡಿದರು. ಜಾಹೀರಾತೇ ಇಲ್ಲ! ಓದುಗ ಕೊಟ್ಟ ಕಾಸಲ್ಲೇ ನಡೀಬೇಕು. ಗುಂಡೂರಾವ್ ಸರ್ಕಾರವನ್ನು ಜಾಡಿಸಿದರು. 1983ರ ಚುನಾವಣೆಯಲ್ಲಿ ಅದು ಸೋತಿತು. ಓದುಗರಿಗೆ ಖುಷಿಯೋ ಖುಷಿ. ನನಗೆ ದೊಡ್ಡದೆನಿಸೋದು ಆಮೇಲಿನದು: ಹೆಗಡೆ ಬಂದರು, ಅವರನ್ನೂ ಬಿಡಲಿಲ್ಲ. ಜಾಹೀರಾತುದಾರ ಮುನಿದರೆ ಒಂದು ಪುಟ ಹೋಗುತ್ತೆ, ಓದುಗನೇ ಮುನಿದರೆ? (ನಮಗೋ, ಅಪ್ರೈಸಲ್ ಫಾರ್ಮಲ್ಲಿ ಬಾಸ್ ಬಗ್ಗೆ ನಿಜ ಬರೆಯೋಕೂ ಕೈ ನಡುಗುತ್ತೆ.) ನಮ್ಮಪ್ಪ ಹೆಗಡೆ ಅಭಿಮಾನಿ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಲ್ಲಿ ಪತ್ರಿಕೆ ಕೊಂಡು, 'ಈ ಮೇಷ್ಟ್ರಿಗೆ ಯಾರೂ ಆಗೋಲ್ಲ' ಅಂತ ಬೈಕೊಂಡೇ 'ಟೀಕೆ ಟಿಪ್ಪಣಿ' ಓದೋರು. ಮುಂದಿನ ವಾರ ಮತ್ತೆ ಕೊಳ್ಳೋರು.