ಮೋರೇರ ಗುಡ್ಡದ ಕಲ್ಲುಮನೆಗಳು

ಚಾಮುಂಡಿ ಬೆಟ್ಟದ 1,000 ಮೆಟ್ಟಿಲು ಹತ್ತಿದವನೆಂಬ ಜಂಬ ನನಗಿತ್ತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡ ಅದನ್ನು ಇಳಿಸಿತು. ಬರೀ ಬಂಡೆ, ಮುಳ್ಳು! ಮೊಮ್ಮಗಳ ಕೈ ಹಿಡಿದೇ ಮೇಲೆ ತಲುಪಿದೆ.

ಮೇಲಿನ ಬಯಲಲ್ಲಿ ಚಪ್ಪಡಿ ನಿಲ್ಲಿಸಿ, ಚಪ್ಪಡಿಯನ್ನೇ ಹೊದಿಸಿದ ಕಲ್ಲುಮನೆಗಳು. ಕೆಲವು ಆಳೆತ್ತರ ಮೀರಿವೆ. ಗೋಡೆಯಲ್ಲಿ ದುಂಡು ಕಿಂಡಿ. ಮೋರೇರೆಂಬ ಕುಳ್ಳರು ಇಲ್ಲಿದ್ದರಂತೆ, ಮಕ್ಕಳೇ, ಊರವರ ಕಥೆ. ನಿಜಕ್ಕೂ ಇವು 2,000 ವರ್ಷಕ್ಕೂ ಹಿಂದೆ, ಕಬ್ಬಿಣ ಬಲ್ಲ ಜನ ಸತ್ತವರಿಗಾಗಿ ಕಟ್ಟಿದವು. ಗುಡ್ಡದಲ್ಲಿ ಇಂಥವು ಸುಮಾರು 400. ನಿಧಿಯಾಸೆಗೆ ಕೆಲವನ್ನು ಕೆಡವಿದ್ದಾರೆ, ಪಾಪಿಗಳು! ಹೆಬ್ಬಂಡೆಯ ಮೇಲೊಂದು ಕಲ್ಲಿನ ನಗಾರಿಯೂ ಇದೆ.

ಮೊಮ್ಮಗಳು ಕಿಂಡಿಯಲ್ಲಿ ಇಣುಕಿ, "ತಾತ, ಅಜ್ಜಿಗೆ ಯಾಕೆ ಮನೆ ಕಟ್ಟಲಿಲ್ಲ?" ಎಂದಳು.

ಅಜ್ಜಿಯ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟವನು ನಾನೇ. ಉತ್ತರ ಹೊಳೆಯದೆ ನೀರಿನ ಬಾಟಲಿಯ ಮುಚ್ಚಳ ತಿರುವುತ್ತಾ ಕೂತೆ.