ಹಕ್ಕಿಗೆ ಬಲೆ ಯಾಕ?

ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಪಾರಿವಾಳಗಳ ಕಾಟದ ಬಗ್ಗೆ ಹೇಳಬೇಕಾಗಿಲ್ಲ. ಕೂಕಟ್‌ಪಲ್ಲಿಯ ನಮ್ಮ ಐದನೇ ಮಹಡಿಯ ಬಾಲ್ಕನಿಗೆ ನೈಲಾನ್ ಬಲೆ ಹಾಕಿಸಿದ ವಾರವೇ ಅಪ್ಪ ಊರಿನಿಂದ ಬಂದ. ಚಹಾ ಹಿಡಿದು ಬಾಲ್ಕನಿಗೆ ಹೋದವನು ಬಲೆಯನ್ನು ಬೆರಳಿನಿಂದ ಎಳೆದು ನೋಡಿ, "ಹಕ್ಕಿಗೆ ಬಲೆ ಯಾಕ?" ಅಂದ. ಗಲೀಜು, ಮಗಳ ಕೆಮ್ಮು, ಡಾಕ್ಟರು ಹೇಳಿದ್ದು, ಎಲ್ಲ ವಿವರಿಸಿದೆ. "ಹೌದೇನು" ಅಂದು ಸುಮ್ಮನಾದ. ಆಗ ಅವನಿಗೆ ಯಾರು ನೆನಪಾಗಿದ್ದರೆಂದು ನನಗೆ ಗೊತ್ತಿತ್ತು.

ನಮ್ಮದು ಜೇವರ್ಗಿ ತಾಲ್ಲೂಕು. ಅದೇ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವರನ್ನು ಇಂದು ಎಲ್ಲರೂ ಕಲಬುರಗಿಯ ಗುಡಿಯಲ್ಲಿ ಕೈಮುಗಿಯುತ್ತಾರೆ. ಅಪ್ಪನಿಗೆ ಮಾತ್ರ ಅವರು ಮೊದಲು ರೈತ, ಆಮೇಲೆ ದೇವರು. ನಮ್ಮ ಕಡೆ ಮಕ್ಕಳಿಗೆ ಹೇಳುವ ಕಥೆ ಇದು: ಜೋಳ ಹಾಲುದೆನೆ ಬಿಟ್ಟಾಗ ಎಲ್ಲರೂ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ಶರಣಬಸವರು ಕವಣೆ ಮುಟ್ಟಲಿಲ್ಲ. ಹಕ್ಕಿಗಳು ತಿನ್ನಲಿ ಎಂದು ಬಿಟ್ಟರು, ಕುಡಿಯಲು ನೀರೂ ಇಟ್ಟರು. ಮನೆಯವರು ಬೈದರು. ರಾಶಿ ಮಾಡಿದಾಗ ನೋಡಿದರೆ ಎಲ್ಲರಿಗಿಂತ ಹೆಚ್ಚು ಜೋಳ!

ಹೈಸ್ಕೂಲಿನಲ್ಲಿದ್ದಾಗ ನಾನು ವಾದಕ್ಕಿಳಿದಿದ್ದೆ. ಹಕ್ಕಿ ತಿಂದ ಮೇಲೆ ಕಾಳು ಹೆಚ್ಚಾಗುವುದು ಹೇಗೆ? ಅಪ್ಪ ಬೀಡಿ ಆರಿಸಿ ಹೇಳಿದ್ದ: "ರಾಶಿ ಹೆಚ್ಚಾಯ್ತೋ ಇಲ್ಲೋ, ನಾ ನೋಡಿಲ್ಲ. ಹಕ್ಕಿ ಹೊಟ್ಟಿ ತುಂಬಿದ್ದು ಖರೇ ಅದ."

ಮಳೆಯನ್ನೇ ನಂಬಿದ ಆ ಸೀಮೆಗೆ ಬರ ಹೊಸದಲ್ಲ. ಶರಣರಿಗೆ ನಲವತ್ತೈದರ ಆಸುಪಾಸು ಇದ್ದಾಗ, 1791–92ರಲ್ಲಿ, ದಖ್ಖನ್ನಿನ ಮೇಲೆ ಡೋಗಿ ಬರ ಬಿತ್ತು. ಹೂಳುವವರಿಲ್ಲದೆ ತಲೆಬುರುಡೆಗಳು ಬಿದ್ದಿದ್ದರಿಂದ ಅದಕ್ಕೆ ಆ ಹೆಸರು. ಕಾಳಿನ ಬೆಲೆ ಗೊತ್ತಿರುವ ಅಂಥ ನೆಲದಲ್ಲಿ ಒಬ್ಬ ರೈತ ಬಂದವರಿಗೆಲ್ಲ ಉಣ್ಣಿಸುತ್ತ ಬದುಕಿದ. ದುಡಿಮೆ ಕಾಯಕ, ಹಂಚುವುದು ದಾಸೋಹ ಎಂದು ಹನ್ನೆರಡನೇ ಶತಮಾನದ ಶರಣರು ಹೇಳಿದ್ದನ್ನು ಇವರು ಹೊಲದಲ್ಲೂ ಒಲೆಯ ಮುಂದೆಯೂ ಮಾಡಿ ತೋರಿಸಿದರು. ಮುಂದೆ ಊರು ಬಿಟ್ಟು ಕಲಬುರಗಿಗೆ ಬಂದರು. ಅಲ್ಲೂ ದಾಸೋಹವೇ. 1822ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು.

ಆಗ ಕಲಬುರಗಿಯನ್ನು ಆಳುತ್ತಿದ್ದವನು ಹೈದರಾಬಾದಿನ ನಿಜಾಮ ಸಿಕಂದರ್ ಜಾಹ್. ಸಿಕಂದರಾಬಾದಿಗೆ ಅವನ ಹೆಸರು ಬಿದ್ದದ್ದು 1806ರಲ್ಲಿ, ಅಂದರೆ ಶರಣರು ಬದುಕಿದ್ದಾಗಲೇ. 1956ರವರೆಗೆ ನಮ್ಮ ಊರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಮುತ್ಯಾ ಉರ್ದುವಿನಲ್ಲಿ ಸಹಿ ಹಾಕುತ್ತಿದ್ದ. ಹಾಗಾಗಿ ನಾನು ಇಲ್ಲಿಗೆ ಕೆಲಸಕ್ಕೆ ಬಂದಾಗ ಅಪ್ಪನಿಗೆ ಮಗ ಪರದೇಶಕ್ಕೆ ಹೋದ ಅನ್ನಿಸಲಿಲ್ಲ. ಆದರೆ ಈ ಬಲೆ ಅವನಿಗೆ ಪರದೇಶದ್ದಾಗಿ ಕಂಡಿತು.

ಅಪ್ಪನೂ ಹಕ್ಕಿ ಹೊಡೆದವನಲ್ಲ. ಆರು ಎಕರೆ ಎರೆ ಹೊಲದಲ್ಲಿ ನಾಲ್ಕು ಎಕರೆಗೆ ತೊಗರಿ, ಎರಡು ಎಕರೆಗೆ ಪ್ರತಿ ಹಿಂಗಾರಿಗೂ ಜೋಳ. ಊರಲ್ಲಿ ಜೋಳ ಬಿತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಅದರ ಪರಿಣಾಮ ಏನೆಂದು ಅಪ್ಪನೇ ಹೇಳಿದ್ದ: "ಊರೆಲ್ಲ ಜೋಳ ಇದ್ದಾಗ ಹಕ್ಕಿ ಹಂಚಿಕೊಂಡು ತಿಂತಿದ್ವು. ಈಗ ಎಲ್ಲಾನೂ ನಂದೇ ಹೊಲಕ್ಕ ಬರ್ತಾವ." ಪ್ರತಿಯೊಬ್ಬರಿಗೂ ಒಂದೆರಡು ಸೇರು ಹೋಗುತ್ತಿದ್ದ ನಷ್ಟ ಈಗ ಒಬ್ಬನಿಗೇ ಚೀಲಗಟ್ಟಲೆ. ಆದರೂ ಬಿತ್ತುವುದು ಬಿಡಲಿಲ್ಲ.

ನಮ್ಮಲ್ಲಿಂದ ಊರಿಗೆ ಮರಳಿದ ವರ್ಷದ ಜನವರಿಯಲ್ಲಿ, ಜೋಳ ಹಾಲುದೆನೆಯಲ್ಲಿದ್ದಾಗ, ಅಪ್ಪ ತೀರಿಕೊಂಡ. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮಣ್ಣು ಮಾಡಿ ಮೂರನೇ ದಿನ ಹೊಲಕ್ಕೆ ಹೋದೆ. ತೆನೆಯ ಮೇಲೆಲ್ಲ ಗುಬ್ಬಿ, ಗಿಳಿ. ನಾನು ಹೋದರೂ ಹಾರಲಿಲ್ಲ. ಮನುಷ್ಯರಿಗೆ ಹೆದರುವುದನ್ನು ಆ ಹೊಲದಲ್ಲಿ ಅವು ಕಲಿತೇ ಇರಲಿಲ್ಲವೇನೋ. ಅಷ್ಟು ದಿನ ಬಾರದ ಅಳು ಆಗ ಬಂತು. ಆ ವರ್ಷ ಎರಡು ಎಕರೆಗೆ ನಾಲ್ಕೇ ಚೀಲ ಜೋಳ ಆಯಿತು.

ಹೋಳಿ ಹುಣ್ಣಿಮೆಯಾದ ಐದನೇ ದಿನಕ್ಕೆ ಕಲಬುರಗಿಯಲ್ಲಿ ಶರಣರ ಜಾತ್ರೆ. ಅಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಅವನ ಬದಲು ನಾನು ಹೋದೆ. ಪರುಷ ಬಟ್ಟಲು ತೋರಿಸಿದರು, ತೇರು ಹೊರಟಿತು, ಸುತ್ತಲಿನವರು ಉತ್ತತ್ತಿ, ಬಾಳೆಹಣ್ಣು ಎಸೆದರು. ಒಳಗೆ ಗದ್ದುಗೆಯ ಮುಂದೆ ನಿಂತಾಗ ಬೇಡಿಕೊಳ್ಳಲು ಏನೂ ನೆನಪಾಗಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಕೂತು ಉಂಡೆ. ಪಕ್ಕದಲ್ಲಿ ಕೂತವರು ಯಾವ ಊರಿನವರೆಂದು ಕೇಳಲಿಲ್ಲ, ಅವರೂ ಕೇಳಲಿಲ್ಲ. ರೈತನೊಬ್ಬ ಸತ್ತು ಇನ್ನೂರು ವರ್ಷವಾದ ಮೇಲೂ ಅವನ ಮನೆಯ ಊಟ ನಡೆದೇ ಇದೆ.

ಹೊಲವನ್ನು ಲಾವಣಿಗೆ ಕೊಟ್ಟೆವು. ಹಿಡಿದವನು ಪೂರ್ತಿ ತೊಗರಿಯನ್ನೇ ಹಾಕುತ್ತೇನೆ, ಜೋಳ ಬೇಡ ಅಂದ. ಅವನದು ತಪ್ಪಲ್ಲ, ಅವನಿಗೂ ಸಾಲವಿದೆ. ಬೆಂಗಳೂರಿನ ಅಣ್ಣ ಒಪ್ಪಿದ. ನಾನು ಮಾತ್ರ ಬಾವಿ ಕಡೆಯ ಅರ್ಧ ಎಕರೆಗೆ ಜೋಳ ಬಿತ್ತು, ಹಕ್ಕಿ ಹೊಡೆಯಬೇಡ, ಆ ನಷ್ಟ ನಾನು ಕೊಡುತ್ತೇನೆ ಅಂದೆ. ಇಬ್ಬರೂ ನಕ್ಕರು. ಕಳೆದ ಸಲ ಅಲ್ಲಿ ಬಂದದ್ದು ಒಂದು ಚೀಲ. ಕಳಿಸಿದ ಹಣಕ್ಕೆ ಇಲ್ಲಿನ ಅಂಗಡಿಯಲ್ಲಿ ಎಷ್ಟು ಜೋಳ ಸಿಗುತ್ತಿತ್ತೆಂದು ಲೆಕ್ಕ ಹಾಕಿದೆ. ಅಪ್ಪನಾಗಿದ್ದರೆ ಹಾಕುತ್ತಿರಲಿಲ್ಲ.

ಬಾಲ್ಕನಿಯ ಬಲೆ ಇನ್ನೂ ಇದೆ. ಮಗಳ ಕೆಮ್ಮು ಕಡಿಮೆಯಾಗಿದೆ, ಅಪ್ಪನಿಗೆ ನಾನು ಹೇಳಿದ್ದ ಕಾರಣ ಸುಳ್ಳೇನಲ್ಲ. ಅರ್ಧ ಎಕರೆಯ ಹಣವನ್ನು ಈ ವರ್ಷವೂ ಕಳಿಸಿದ್ದೇನೆ.