ನೋವಿಲ್ಲದ ರಕ್ತ

ಭೀಮರಾಯನಗುಡಿಯ ಜನರಿಗೆ ಕಾಲುವೆಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳೂ ವಸತಿಗೃಹಗಳೂ ಇರುವ ಊರದು. ನಾರಾಯಣಪುರದಿಂದ ಬರುವ ನೀರಿನ ಮೂಲದಲ್ಲಿ ಕೆಡುಕು ಬೆರೆತರೆ ಅದು ಒಂದು ತೂಬಿನಲ್ಲಿ ನಿಲ್ಲದೆ ಕವಲುಕವಲನ್ನೂ ಮುಟ್ಟುವುದೆಂಬುದನ್ನು ಅಲ್ಲಿಯ ಒಕ್ಕಲಿಗನೂ ಬಲ್ಲನು. ಶರೀರದೊಳಗಿನ ಮೂತ್ರಮಾರ್ಗದ ಸ್ಥಿತಿಯೂ ಇಂತಹದೇ.

ಮೂತ್ರಪಿಂಡಗಳ ಒಳಬಟ್ಟಲು, ಅಲ್ಲಿಂದಿಳಿಯುವ ಎರಡು ನಾಳಗಳು, ಮೂತ್ರಾಶಯ, ಹೊರದಾರಿಯ ಮೊದಲ ಭಾಗ, ಇವಿಷ್ಟಕ್ಕೂ ಒಂದೇ ಜಾತಿಯ ಒಳಪೊರೆಯುಂಟು. ರಕ್ತದಿಂದ ಸೋಸಿಬಂದ ವಿಷವು ಈ ಪೊರೆಯನ್ನೆಲ್ಲ ತೋಯಿಸುತ್ತ ಸಾಗುವುದರಿಂದ ಅರ್ಬುದವು ಒಂದೇ ಸ್ಥಳದಲ್ಲಿ ಹುಟ್ಟಬೇಕೆಂಬ ನಿಯಮವಿಲ್ಲ. ಕೆಲವು ಗಡ್ಡೆಗಳು ಬೇರೆ ಬೇರೆ ಕಡೆ ಸ್ವತಂತ್ರವಾಗಿ ಹುಟ್ಟುವುವು. ಕೆಲವು, ಮೇಲಿನಿಂದ ಕಳಚಿದ ಜೀವಕೋಶಗಳು ಕೆಳಗೆ ನೆಲೆಯೂರಿ ಬೆಳೆದುವು. ಮೇಲ್ಭಾಗದಲ್ಲಿ ಗಡ್ಡೆಯಾದವರಿಗೆ ಮುಂದೆ ಮೂತ್ರಾಶಯದಲ್ಲಿಯೂ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಮೂತ್ರಾಶಯದಲ್ಲಾದವರಿಗೆ ಮೇಲೆ ಕಾಣುವುದು ವಿರಳ.

ಈ ವಿಷಗಳು ಯಾವುವು? ಬಣ್ಣದ ಕಾರಖಾನೆಯ ಕೆಲಸಗಾರರಲ್ಲಿ ಇಂತಹ ಗಡ್ಡೆಗಳನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲಿಯೇ ತೋರಿಸಿದನು. ಬೀಡಿ ಸಿಗರೇಟುಗಳ ಹೊಗೆ ಎಲ್ಲಕ್ಕಿಂತ ದೊಡ್ಡ ಕಾರಣ. ಮೂರನೆಯದು ನೀರಿನಲ್ಲಿಯ ಆರ್ಸೆನಿಕ್ ಎಂಬ ಪಾಷಾಣ. ತೈವಾನಿನ ನೈರುತ್ಯ ಕರಾವಳಿಯಲ್ಲಿ ಅಂತಹ ಬಾವಿನೀರು ಕುಡಿದವರಲ್ಲಿ ಮೂತ್ರಮಾರ್ಗದ ಅರ್ಬುದಗಳು ಹೆಚ್ಚಿದುವು. ಇದು ದೂರದ ಮಾತಲ್ಲ. ಸುರಪುರ ಸೀಮೆಯ ಚಿನ್ನದ ಗಣಿಯ ಬಳಿಯ ಕಿರದಳ್ಳಿ ತಾಂಡಾ ಮೊದಲಾದೆಡೆಯ ನೀರಿನಲ್ಲಿಯೂ ಈ ಪಾಷಾಣವು ಕಂಡುಬಂದಿತ್ತು. 2013ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಪರೀಕ್ಷೆಗೊಳಗಾದ 181 ಜನರಲ್ಲಿ ಅರ್ಧಕ್ಕೂ ಮಿಕ್ಕವರ ಚರ್ಮದ ಮೇಲೆ ಅದರ ಗುರುತುಗಳಿದ್ದುವು. ಚರ್ಮದ ಗುರುತು ಕಣ್ಣಿಗೆ ಬೀಳುವುದು, ಒಳಪೊರೆಯದು ಬೀಳದು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿದ ಮೂತ್ರಗ್ರಂಥಿಯು ಕಲ್ಲಿನಂತೆ ನೋಯಿಸಿ ಮೂತ್ರವನ್ನು ತಡೆಯುವುದು. ನೋವು ರೋಗಿಯನ್ನು ವೈದ್ಯನ ಬಾಗಿಲಿಗೆ ಅಟ್ಟುವುದು. ಈ ಅರ್ಬುದವಾದರೋ ಬಹುಮಟ್ಟಿಗೆ ನೋವಿಲ್ಲದ ರಕ್ತವಾಗಿ ಒಂದು ದಿನ ತೋರಿ, ಮರುದಿನ ತಾನೇ ಅಡಗುವುದು. ಮನೆಯ ಹಿರಿಯರು “ಉಷ್ಣವಾಗಿರಬೇಕು” ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವರು. ಮಗನಿಗೆ ಹೇಳಲು ಸಂಕೋಚ, ಸೊಸೆಯೆದುರಿಗೆ ಇನ್ನೂ ಸಂಕೋಚ. ಮುಟ್ಟು ನಿಂತ ಹೆಂಗಸರು ಅದನ್ನು ಬೇರೆಯೇ ಎಂದೆಣಿಸುವರು. ಹೀಗೆ ತಿಂಗಳುಗಳು ಕಳೆಯುವುವು.

ಗಡ್ಡೆಯನ್ನು ತೆಗೆಸಿಕೊಂಡವರಲ್ಲಿಯೂ ಒಂದು ತಪ್ಪು ತಿಳಿವಳಿಕೆಯುಂಟು. ಮೂರು ತಿಂಗಳಿಗೆ ಮತ್ತೆ ನಳಿಕೆಯಿಟ್ಟು ನೋಡಬೇಕೆಂದರೆ, “ತೆಗೆದ ಮೇಲೆ ಮತ್ತೇಕೆ? ವೈದ್ಯರಿಗೆ ದುಡ್ಡಿನಾಸೆ” ಎನ್ನುವರು. ಕಲಬುರಗಿಗೆ ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಬಡವನಿಗೆ ಸಣ್ಣವಲ್ಲ. ಆದರೂ ತೆಗೆದುದು ಒಂದು ಗಡ್ಡೆಯನ್ನು ಮಾತ್ರ. ವಿಷದಲ್ಲಿ ತೊಯ್ದ ಪೊರೆ ಉಳಿದೇ ಇರುವುದು. ಒಂದು ತೂಬಿನ ಕಳೆ ಕಿತ್ತ ನೀರಗಂಟಿಯು ಕಾಲುವೆಯ ಮೇಲೆ ಮತ್ತೆ ನಡೆಯುವುದಿಲ್ಲವೆ?

ವಾಚಕರ ಮನೆಗಳಲ್ಲಿ ಈ ಮಾತು ನಾಚಿಕೆಯನ್ನು ಬಿಟ್ಟು ಒಮ್ಮೆ ಆಡಲ್ಪಡಲಿ. ರಕ್ತವು ಒಂದೇ ಸಲ ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ವೈದ್ಯರಿಗೆ ತಿಳಿಸಬೇಕು. ಬೇಗ ಕಂಡ ಗಡ್ಡೆಯನ್ನು ಮೂತ್ರಾಶಯ ಉಳಿಯುವಂತೆಯೇ ತೆಗೆಯುವುದು ಅನೇಕ ವೇಳೆ ಸಾಧ್ಯ.